ಪಾತ್ರ ಸತ್ತಾಗ: ಆಟದ ಮೇಜಿನಲ್ಲಿ ಸಾವನ್ನೂ ಮರುಜೀವವನ್ನೂ ನಡೆಸುವ ಬಗೆ

ಧಾರವಾಡದ ನಮ್ಮ ಮನೆಯ ಮಾಳಿಗೆಯಲ್ಲಿ ಭಾನುವಾರಕ್ಕೊಮ್ಮೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಕೂಡುತ್ತದೆ. ಒಬ್ಬೊಬ್ಬ ಆಟಗಾರ ಒಂದೊಂದು ಪಾತ್ರವಾಗಿ, ಮಾತಿನಿಂದಲೂ ದಾಳದಿಂದಲೂ ಎಲ್ಲರೂ ಕೂಡಿ ಕಥೆ ಕಟ್ಟುವ ಆಟವಿದು; ಕಥೆಯನ್ನೂ ವೈರಿಗಳನ್ನೂ ನಡೆಸುವ ಡಿಎಂ, ಅಂದರೆ ಡಂಜನ್ ಮಾಸ್ಟರ್, ನಾನು. ಈ ಆಟದಲ್ಲಿ ನಾನು ಮಾಡಿದ ಮೊದಲ ದೊಡ್ಡ ತಪ್ಪು ಒಂದು ಸಾವಿಗೆ ಸಂಬಂಧಿಸಿದ್ದು. ಆಟ ಶುರುವಾಗಿ ಅರ್ಧ ತಾಸೂ ಕಳೆದಿರಲಿಲ್ಲ, ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹಿಡಿದು ಬಂದಿದ್ದ ಗೆಳೆಯನ ಪಾತ್ರ ಹಳ್ಳದ ದಂಡೆಯ ಹೊಂಚುದಾಳಿಯೊಂದರಲ್ಲಿ ಸತ್ತಿತು. ನಿಯಮದ ಪ್ರಕಾರ ಎಲ್ಲವೂ ಸರಿಯಾಗಿಯೇ ಇತ್ತು, ದಾಳವೂ ಸುಳ್ಳು ಹೇಳಿರಲಿಲ್ಲ. ಉಳಿದ ನಾಲ್ವರು ಸತ್ತವನ ಚೀಲದಲ್ಲಿದ್ದ ನಾಣ್ಯಗಳನ್ನು ಹಂಚಿಕೊಂಡು ಮುಂದಕ್ಕೆ ನಡೆದರು. ಅವನು ಮೂರು ತಾಸು ಗಿರ್ಮಿಟ್ ತಿನ್ನುತ್ತ, ಮೊಬೈಲ್ ನೋಡುತ್ತ ಮೂಲೆಯಲ್ಲಿ ಕುಳಿತ. ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಸತ್ತಿದ್ದು ನನ್ನ ಪಾತ್ರ ದೋಸ್ತ, ಶಿಕ್ಷಾ ಆಗಿದ್ದು ನನಗ ನೋಡು" ಎಂದ.

ಅಂದಿನಿಂದ ನಾನು ಇಟ್ಟುಕೊಂಡು ಬಂದ ಸೂತ್ರ ಒಂದೇ: ಸಾವಿನ ಭಾರ ಬದುಕುಳಿದ ಪಾತ್ರಗಳ ಮೇಲೆ ಬೀಳಬೇಕೇ ಹೊರತು ಸತ್ತ ಪಾತ್ರದ ಆಟಗಾರನ ಮೇಲೆ ಬೀಳಬಾರದು. ಮುಂದೆ ಹೇಳುವ ಕ್ರಮಗಳೆಲ್ಲ ಇದನ್ನು ಮೇಜಿನ ಮೇಲೆ ಸಾಧಿಸುವುದಕ್ಕಾಗಿ ನಾವು ಕಂಡುಕೊಂಡವು, ಇಲ್ಲವೇ ಬೇರೆ ಆಟಗಳಿಂದ ಎರವಲು ತಂದವು. ನಿಯಮಗಳ ವಿಷಯ ಬಂದಲ್ಲಿ 2014ರ ಐದನೆಯ ಆವೃತ್ತಿಯನ್ನೇ ಆಧಾರವಾಗಿ ಇಟ್ಟುಕೊಂಡಿದ್ದೇನೆ, ಏಕೆಂದರೆ ನಮ್ಮ ಮೇಜಿನಲ್ಲಿ ಇಂದಿಗೂ ನಡೆಯುವುದು ಅದೇ.

ಮೊದಲ ದಿನವೇ ಆಡಬೇಕಾದ ಮಾತು

ಕಥೆ ಆರಂಭವಾಗುವುದಕ್ಕೆ ಮುಂಚೆ ಎಲ್ಲರೂ ಕೂಡಿ ಮಾತಾಡುವ ಬೈಠಕ್ಕಿಗೆ ಸೆಷನ್ ಜೀರೋ ಎನ್ನುತ್ತಾರೆ. ಆ ದಿನ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು. ಬರಿಯ ದಾಳದ ಆಟಕ್ಕೆ ನಿಮ್ಮ ಪಾತ್ರ ಸಾಯುವುದು ನಿಮಗೆ ಒಪ್ಪಿಗೆಯೇ, ಅಥವಾ ಕಥೆಗೆ ಅರ್ಥ ಬರುವ ಸಾವು ಮಾತ್ರ ಬೇಕೇ? ಸತ್ತವರನ್ನು ಮರಳಿ ತರುವುದು ಈ ಲೋಕದಲ್ಲಿ ಎಷ್ಟು ಸುಲಭವಾಗಿರಬೇಕು? ನಿಮ್ಮ ಪಾತ್ರ ಸತ್ತ ಸಂಜೆ ನೀವು ಏನು ಮಾಡಲು ಬಯಸುತ್ತೀರಿ? ಮೂರನೆಯದನ್ನು ಹೆಚ್ಚಿನ ಡಿಎಂಗಳು ಕೇಳುವುದೇ ಇಲ್ಲ, ನಾನೂ ಕೇಳಿರಲಿಲ್ಲ.

ಉತ್ತರಗಳನ್ನು ಬಾಯಿಂದ ಹೇಳಿಸದೆ ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ನಮ್ಮ ಕಡೆಯ ಜನ ನಾಲ್ಕು ಮಂದಿಯ ಎದುರಿಗೆ ಯಾವುದನ್ನು ಕೇಳಿದರೂ "ನಡೀತದ ಬಿಡ್ರಿ" ಎಂದುಬಿಡುತ್ತಾರೆ, ಆಮೇಲೆ ಆರು ತಿಂಗಳು ಜೊತೆಗಿದ್ದ ಪಾತ್ರ ಹೋದಾಗ ಮುಂದಿನ ಭಾನುವಾರ ಬರುವುದನ್ನೇ ಬಿಡುತ್ತಾರೆ. ಚೀಟಿಗಳಲ್ಲಿ ಅಭಿಪ್ರಾಯ ಬೇರೆ ಬೇರೆಯಾಗಿ ಬಂದರೆ, ಪಾತ್ರ ಶಾಶ್ವತವಾಗಿ ಹೋಗುವ ವಿಷಯದಲ್ಲಿ ಅತ್ಯಂತ ಮೆತ್ತಗಿನ ಉತ್ತರವನ್ನೇ ಎಲ್ಲರಿಗೂ ಅನ್ವಯಿಸಬೇಕೆಂಬುದು ನನ್ನ ಅಭಿಪ್ರಾಯ. ಕಠಿಣವಾದ ಆಟ ಬೇಕೆನ್ನುವವರಿಗೆ ಊರು ಸುಡುವುದು, ಮಿತ್ರರು ಮುನಿಯುವುದು, ಕೈಗೆ ಬಂದ ನಿಧಿ ಜಾರುವುದು ಮುಂತಾಗಿ ಸಾವಲ್ಲದ ನೂರು ನಷ್ಟಗಳನ್ನು ಕೊಡಬಹುದು.

ಮನೆಯಲ್ಲಿ ಇತ್ತೀಚೆಗೆ ಸಾವಾಗಿರುವ ಆಟಗಾರರಿದ್ದರೆ ಅದನ್ನು ಮೊದಲೇ ತಿಳಿದುಕೊಂಡು, ಕೆಲವು ವಾರ ಸಾವಿನ ದೃಶ್ಯಗಳನ್ನೇ ಬದಿಗಿಡಬೇಕು. ಇದಕ್ಕೆ ಚರ್ಚೆ ಬೇಡ. ಎಕ್ಸ್ ಕಾರ್ಡ್ ಎಂಬ ಪದ್ಧತಿಯೂ ಉಪಯುಕ್ತವಾದದ್ದು. ಎಕ್ಸ್ ಗುರುತಿನ ಒಂದು ಕಾರ್ಡನ್ನು ಮೇಜಿನ ನಡುವೆ ಇಟ್ಟಿರುತ್ತಾರೆ. ಯಾರಾದರೂ ಅದನ್ನು ಮುಟ್ಟಿದರೆ ಕಾರಣ ಕೇಳದೆ ಆ ದೃಶ್ಯವನ್ನು ಕೈಬಿಟ್ಟು ಮುಂದೆ ಹೋಗುತ್ತಾರೆ.

ಸೊನ್ನೆಗೆ ಇಳಿದಾಗ

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಹೊರತಂದಾಗ ಹಿಟ್ ಪಾಯಿಂಟ್, ಅಂದರೆ ಪಾತ್ರ ಎಷ್ಟು ಪೆಟ್ಟು ತಾಳಬಲ್ಲದು ಎಂಬುದರ ಅಂಕೆ, ಸೊನ್ನೆಯಾಯಿತೆಂದರೆ ಪಾತ್ರ ಸತ್ತಂತೆಯೇ, ನಡುವೆ ಇನ್ನೊಂದು ಹಂತವಿರಲಿಲ್ಲ. ಈಗ ಹಾಗಿಲ್ಲ. ಸೊನ್ನೆಗೆ ಇಳಿದ ಪಾತ್ರ ಎಚ್ಚರ ತಪ್ಪಿ ಬೀಳುತ್ತದೆ ಮತ್ತು ತನ್ನ ಸರದಿ ಬಂದಾಗಲೆಲ್ಲ ಇಪ್ಪತ್ತು ಮುಖದ ದಾಳವನ್ನು ಉರುಳಿಸುತ್ತದೆ. ಇದೇ ಡೆತ್ ಸೇವ್. ಹತ್ತು ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆಯಾದರೆ ಒಂದು ಸೋಲು. ಮೂರು ಗೆಲುವು ಮೊದಲು ಬಂದರೆ ಪಾತ್ರ ಸಾವಿನಿಂದ ಪಾರಾಗಿ ಸ್ಥಿರವಾಗುತ್ತದೆ, ಮೂರು ಸೋಲು ಮೊದಲು ಬಂದರೆ ಸಾಯುತ್ತದೆ. ಒಂದು ಬಿದ್ದರೆ ಎರಡು ಸೋಲಿನ ಲೆಕ್ಕ. ಇಪ್ಪತ್ತು ಬಿದ್ದರೆ ಪಾತ್ರ ಒಂದು ಹಿಟ್ ಪಾಯಿಂಟಿನೊಂದಿಗೆ ಕಣ್ಣು ಬಿಡುತ್ತದೆ. ಇದರ ಹೊರಗೆ, ಒಂದೇ ಹೊಡೆತ ಪಾತ್ರವನ್ನು ಸೊನ್ನೆಗೆ ಇಳಿಸಿದ ಮೇಲೂ ಮಿಕ್ಕ ಪೆಟ್ಟು ಅದರ ಪೂರ್ಣ ಹಿಟ್ ಪಾಯಿಂಟಿನಷ್ಟಿದ್ದರೆ ದಾಳಕ್ಕೆ ಅವಕಾಶವೇ ಇಲ್ಲದೆ ಸಾವು. ಪೂರ್ಣ ಏಳು ಪಾಯಿಂಟಿನ ಮಾಂತ್ರಿಕನೊಬ್ಬ ಮೂರು ಪಾಯಿಂಟಿನಲ್ಲಿ ನಿಂತಿದ್ದಾಗ ಹತ್ತರ ಪೆಟ್ಟು ಬಿದ್ದರೆ ಅವನು ಅಲ್ಲಿಯೇ ಮುಗಿದ. ಪಾತ್ರ ಪಳಗಿದಂತೆ ಏರುವ ಮೆಟ್ಟಿಲುಗಳಿಗೆ ಲೆವೆಲ್ ಎನ್ನುತ್ತಾರೆ; ಮೊದಲ ಒಂದೆರಡು ಲೆವೆಲ್ಲುಗಳಲ್ಲಿ ಈ ನಿಯಮವನ್ನು ಬದಿಗಿಡುವುದಾಗಿ ಹೇಳಿಬಿಡುವುದು ನ್ಯಾಯ.

ಡಿಎಂ ಆದವರು ಒಮ್ಮೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕಾದ ಸಂಗತಿಯೊಂದಿದೆ. ಬಿದ್ದ ಪಾತ್ರಕ್ಕೆ ಯಾರೂ ನೆರವಾಗದೆ, ಯಾರೂ ಮತ್ತೆ ಹೊಡೆಯದೆ ಬಿಟ್ಟರೆ ಅದು ಸಾಯುವ ಸಂಭವ ನೂರಕ್ಕೆ ಸುಮಾರು 40. ಒಂದು ಸೋಲು ಆಗಲೇ ಖಾತೆಯಲ್ಲಿದ್ದರೆ ಅದು 58ಕ್ಕೆ ಏರುತ್ತದೆ, ಎರಡಿದ್ದರೆ 79ಕ್ಕೆ. ಬಿದ್ದವನಿಗೆ ತಗುಲಿದ ಪ್ರತಿ ಪೆಟ್ಟೂ ಒಂದು ಸೋಲು. ಐದು ಅಡಿಯೊಳಗೆ ನಿಂತು ಹೊಡೆದ ಪೆಟ್ಟು ಎಚ್ಚರ ತಪ್ಪಿದವನಿಗೆ ತಾನಾಗಿಯೇ ಕ್ರಿಟಿಕಲ್, ಅಂದರೆ ಅತಿ ಬಲವಾದ ಪೆಟ್ಟು, ಆಗುವುದರಿಂದ ಅದಕ್ಕೆ ಎರಡು ಸೋಲು. ಅಂದರೆ ಪಕ್ಕದಲ್ಲಿ ನಿಂತ ವೈರಿ ಬಿದ್ದವನಿಗೆ ಒಂದೇ ಒಂದು ಸಲ ಕತ್ತಿ ಬೀಸಿ ತಗುಲಿಸಿದರೆ ಸಾವಿನ ಸಂಭವ 40ರಿಂದ 79ಕ್ಕೆ ಜಿಗಿಯುತ್ತದೆ. ಆದ್ದರಿಂದ ಇಂಥ ಕಡೆ ಪಾತ್ರವನ್ನು ಕೊಂದದ್ದು ದಾಳವಲ್ಲ, ಡಿಎಂ ತೆಗೆದುಕೊಂಡ ತೀರ್ಮಾನ. ಅದನ್ನು ದಾಳದ ಕೊರಳಿಗೆ ಕಟ್ಟಿ ಕೈ ತೊಳೆದುಕೊಳ್ಳಬಾರದು.

ಬಿದ್ದವನ ಮೇಲೆ ಹೊಡೆಸುವುದೇ ಬೇಡವೆಂದು ನಾನು ಹೇಳುತ್ತಿಲ್ಲ. ಹಸಿದ ತೋಳ ಕಚ್ಚಿ ಎಳೆದೊಯ್ಯಲು ನೋಡುತ್ತದೆ. ಕೂಲಿಗೆ ಬಂದ ಸೈನಿಕ ಬಿದ್ದವನನ್ನು ಬಿಟ್ಟು ನಿಂತವನ ಕಡೆ ತಿರುಗುತ್ತಾನೆ. ಬಿದ್ದವರು ಮಂತ್ರದಿಂದ ಎದ್ದದ್ದನ್ನು ಒಮ್ಮೆ ಕಂಡ ಚಾಣಾಕ್ಷ ವೈರಿ ಎರಡನೆಯ ಸಲ ಖಂಡಿತ ಮುಗಿಸಿಯೇ ಹೋಗುತ್ತಾನೆ. ವೈರಿಯ ಸ್ವಭಾವ ಯಾವುದೇ ಇರಲಿ, ಒಂದು ಸರದಿ ಮುಂಚಿತವಾಗಿ ಅದನ್ನು ಕಾಣಿಸಿಕೊಡಬೇಕು. "ತೋಳ ಅವನ ಕೊರಳಿನತ್ತ ಬಾಗುತ್ತಿದೆ" ಎಂದು ಹೇಳಿ ಮುಂದಿನವರ ಸರದಿಗೆ ಹೋದರೆ, ಬದುಕಿದವರು ಏನು ಮಾಡಿದರು ಮತ್ತು ಏನು ಮಾಡದೆ ಉಳಿದರು ಎಂಬುದೇ ಆ ಸಾವಿನ ಕಥೆಯಾಗುತ್ತದೆ. ಭಾರ ಅವರ ಹೆಗಲಿಗೆ ಹೋಗುವುದು ಇಲ್ಲಿಂದ.

ಇದಕ್ಕೆ ತೀರ ವಿರುದ್ಧವಾದ ತೊಂದರೆಯೂ ಇದೆ. ಹೀಲಿಂಗ್ ವರ್ಡ್ ಎಂಬ ಮೊದಲ ಹಂತದ ಮಂತ್ರವನ್ನು ಅರವತ್ತು ಅಡಿ ದೂರದಿಂದ, ತನ್ನ ಮುಖ್ಯ ಕೆಲಸವನ್ನೂ ಬಿಡದೆ ಹಾಕಬಹುದಾದ್ದರಿಂದ ಪಾತ್ರಗಳು ಬೀಳುವುದು ಏಳುವುದು, ಮತ್ತೆ ಬೀಳುವುದು ಮತ್ತೆ ಏಳುವುದು ಎಂಬಂತಾಗಿ, ಬೀಳುವುದಕ್ಕೆ ಯಾರೂ ಅಂಜುವುದೇ ಇಲ್ಲ. ಇದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್‌ನ 2019ರ ಎರಡನೆಯ ಆವೃತ್ತಿ ಇದನ್ನು ಚೆನ್ನಾಗಿ ಬಿಡಿಸಿದೆ: ಅಲ್ಲಿ ಸಾಯುವ ಸ್ಥಿತಿಗೆ ಅಂಕೆಗಳಿವೆ, ನಾಲ್ಕು ಮುಟ್ಟಿದರೆ ಸಾವು; ಒಮ್ಮೆ ಬಿದ್ದು ಎದ್ದವನಿಗೆ ಗಾಯದ ಗುರುತು ಉಳಿಯುತ್ತದೆ, ಮುಂದಿನ ಸಲ ಬಿದ್ದಾಗ ಎಣಿಕೆ ಇನ್ನೂ ಮೇಲಿನಿಂದ ಶುರುವಾಗುತ್ತದೆ. ನಮ್ಮ ಮೇಜಿನಲ್ಲಿ ಒಂದೇ ಕಾದಾಟದಲ್ಲಿ ಎರಡನೆಯ ಸಲ ಬಿದ್ದವರಿಗೆ ಒಂದು ಹಂತದ ಆಯಾಸವನ್ನು ಸೇರಿಸುತ್ತೇವೆ. ಇದು ಬಿದ್ದವನಿಗೇ ಶಿಕ್ಷೆಯಾಯಿತಲ್ಲ ಎಂದು ಒಬ್ಬರು ಆಕ್ಷೇಪಿಸಿದ್ದರು. ಬೀಳುವುದರಲ್ಲಿ ಆಟಗಾರನ ಎಚ್ಚರದ ಪಾಲೂ ಇರುತ್ತದೆ, ಸಾಯುವುದು ಬೇರೆಯ ಮಾತು ಎಂಬುದೇ ನನ್ನ ಉತ್ತರ.

ಸಾಯುವ ಗಳಿಗೆ

ಡೆತ್ ಸೇವ್ ದಾಳವನ್ನು ಆಟಗಾರನೇ, ಎಲ್ಲರ ಕಣ್ಣೆದುರಿಗೆ ಉರುಳಿಸಬೇಕು. ಪರದೆಯ ಹಿಂದೆ ಉರುಳಿಸಿ ಅಂಕೆಯನ್ನು ತಿದ್ದುವ ಆಸೆ ಎಲ್ಲ ಡಿಎಂಗಳಿಗೂ ಬರುತ್ತದೆ. ನಾನು ಒಮ್ಮೆ ತಿದ್ದಿದೆ, ನನ್ನ ಮುಖ ನೋಡಿಯೇ ಎಲ್ಲರಿಗೂ ಗೊತ್ತಾಯಿತು, ಮುಂದೆ ಎಷ್ಟೋ ವಾರ ಯಾವ ಹೊಂಚುದಾಳಿಗೂ ಯಾರೂ ಬೆಚ್ಚಲಿಲ್ಲ. ಕರುಣೆ ತೋರುವುದಿದ್ದರೆ ದಾಳ ಕೈಯಿಂದ ಬಿಡುವುದಕ್ಕೆ ಮೊದಲೇ ತೋರಬೇಕು: ವೈರಿ ಸೆರೆಹಿಡಿಯಲು ಬಯಸಬಹುದು, ಕೊಂಬಿನ ದನಿ ಕೇಳಿ ಹಿಂದೆ ಸರಿಯಬಹುದು.

ಮೂರನೆಯ ಸೋಲು ಬಿದ್ದ ಕೂಡಲೇ ವರ್ಣನೆಗೆ ಇಳಿಯದೆ ಒಂದು ಉಸಿರು ಸುಮ್ಮನಿರಿ. ಆಮೇಲೆ ಸತ್ತ ಪಾತ್ರದ ಆಟಗಾರನನ್ನು ಎರಡು ಮಾತು ಕೇಳಿ: ಕೊನೆಗೆ ಅವನ ಕಣ್ಣಿಗೆ ಬಿದ್ದದ್ದು ಏನು, ಅವನ ಕೈಯಿಂದ ಜಾರಿದ್ದು ಏನು. ಉತ್ತರ ಒಂದೊಂದು ವಾಕ್ಯದಲ್ಲಿರಲಿ, ದಾಳದ ಲೆಕ್ಕಕ್ಕೆ ಅದರಿಂದ ಏನೂ ಬದಲಾಗದಿರಲಿ. ರಕ್ತಮಾಂಸದ ವಿವರ ಬೇಡ. ಕಾದಾಟ ಮುಗಿಯುವ ತನಕ ಆಟವನ್ನು ನಿಲ್ಲಿಸಬಾರದು. ಮುಗಿದ ಮೇಲೆ ಮಾತ್ರ ಚಹಾದ ಹೊತ್ತೆಂದು ಹತ್ತು ನಿಮಿಷ ಎಲ್ಲರನ್ನೂ ಎಬ್ಬಿಸಬೇಕು. ಆ ಹತ್ತು ನಿಮಿಷದಲ್ಲಿ ಡಿಎಂಗೆ ಒಂದು ಕೆಲಸವಿದೆ.

ಆ ಸಂಜೆ ಅವನ ಕೈಗೆ ಏನು ಕೊಡುವುದು

ಚಹಾದ ಲೋಟ ಹಿಡಿದು ಆಟಗಾರನನ್ನು ಗ್ಯಾಲರಿಗೆ ಕರೆದುಕೊಂಡು ಹೋಗಿ, ಪಾತ್ರ ಮರಳಿ ಬರಬೇಕೆಂದು ಇದೆಯೇ ಇಲ್ಲವೇ ಎಂದು ನೇರವಾಗಿ ಕೇಳಬೇಕು. ಮರುಜೀವದ ಮಂತ್ರಗಳಲ್ಲಿ ಆತ್ಮಕ್ಕೆ ಮರಳುವ ಇಚ್ಛೆ ಇರಬೇಕೆಂಬ ಷರತ್ತಿದೆ, ಆ ಇಚ್ಛೆ ಯಾರದೆಂದರೆ ಈ ಆಟಗಾರನದು. ಎಷ್ಟೋ ಜನರಿಗೆ ಹಳೆಯ ಪಾತ್ರ ಸಾಕಾಗಿರುತ್ತದೆ, ಹೊಸದೊಂದು ಮನಸ್ಸಿನಲ್ಲಿ ಬೆಳೆಯುತ್ತಿರುತ್ತದೆ. ಗೆಳೆಯರು ಇದ್ದದ್ದನ್ನೆಲ್ಲ ಮಾರಿ ವಜ್ರ ಕೊಂಡು ತಂದ ಮೇಲೆ "ಬ್ಯಾಡ್ರಿ" ಎನ್ನಲು ಸಂಕೋಚಪಟ್ಟು ಬೇಡದ ಪಾತ್ರವನ್ನೇ ಮತ್ತೆ ಹೊತ್ತು ತಿರುಗುತ್ತಾರೆ. ಈ ಉತ್ತರ ನಿಮ್ಮಿಬ್ಬರಲ್ಲೇ ಇರಲಿ, ಉಳಿದವರಿಗೆ ಆಟದಲ್ಲೇ ಗೊತ್ತಾಗಲಿ.

ಎರಡನೆಯದಾಗಿ, ಆ ಸಂಜೆಯ ಉಳಿದ ಹೊತ್ತಿಗೆ ಅವನಿಗೆ ಒಂದು ಪಾತ್ರವನ್ನು ಕೊಡಬೇಕು. ಇದಕ್ಕಾಗಿ ನಾನು ಅರ್ಧ ಹಾಳೆಯಲ್ಲಿ ಬರೆದ ಎರಡು ಸಣ್ಣ ಪಾತ್ರಗಳನ್ನು ಸದಾ ಸಿದ್ಧವಾಗಿ ಇಟ್ಟುಕೊಂಡಿರುತ್ತೇನೆ. ಒಬ್ಬ ದಾರಿ ತೋರುವ ಕುರಿಗಾಹಿ, ಇನ್ನೊಬ್ಬಳು ಬಂಡಿ ಹೊಡೆಯುವ ವ್ಯಾಪಾರಿ. ಇಬ್ಬರಿಗೂ ಒಂದೊಂದು ಆಯುಧ, ಒಂದೊಂದು ಗುಟ್ಟು. ಅದು ಬೇಡವಾದರೆ ವೈರಿಗಳ ಕಡೆಯ ಒಬ್ಬನನ್ನು ಆಡಲು ಬಿಡಬಹುದು. ತನ್ನನ್ನು ಕೊಂದವರ ಪಾಳೆಯಕ್ಕೆ ಸೇರಿ ಗೆಳೆಯರನ್ನು ಕಾಡುವುದರಲ್ಲಿ ಆಟಗಾರರಿಗೆ ಸಿಗುವ ಸಂತೋಷ ಹೇಳತೀರದು. ಸತ್ತವನ ಆತ್ಮವಾಗಿಯೇ ಇರಲು ಬಯಸುವವರಿಗೆ ಸ್ಪೀಕ್ ವಿತ್ ಡೆಡ್ ಮಂತ್ರವಿದೆ. ಹೆಣ ಐದು ಪ್ರಶ್ನೆಗಳಿಗೆ ಮಾತ್ರ ಉತ್ತರಿಸುತ್ತದೆ, ಬದುಕಿದ್ದಾಗ ತಿಳಿದಿದ್ದಷ್ಟೇ ಅದಕ್ಕೆ ಗೊತ್ತು. ಆ ಐದು ಉತ್ತರಗಳನ್ನು ಡಿಎಂ ಹೇಳದೆ ಅವನೇ ಹೇಳುವಂತೆ ಮಾಡಿದರೆ ಮೇಜಿನ ಗಮನವೆಲ್ಲ ಸತ್ತವನ ಮೇಲೆಯೇ ನಿಲ್ಲುತ್ತದೆ.

ವೀರಗಲ್ಲು

ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣಕ್ಕೆ ಹೋದವರು ಅಲ್ಲಿಯ ವೀರಗಲ್ಲುಗಳನ್ನು ನೋಡಿರುತ್ತಾರೆ. ನೋಡದವರಿಗೂ ಹಾವೇರಿ, ಗದಗ, ಧಾರವಾಡ ಸೀಮೆಯ ಯಾವುದಾದರೊಂದು ಊರಿನ ಗುಡಿಯ ಮಗ್ಗುಲಲ್ಲೋ ಹೊಲದ ಬದುವಿನಲ್ಲೋ ಅಂಥ ಕಲ್ಲು ಕಣ್ಣಿಗೆ ಬಿದ್ದೇ ಇರುತ್ತದೆ. ಸಾಮಾನ್ಯವಾಗಿ ಅದಕ್ಕೆ ಮೂರು ಅಂತಸ್ತು: ಕೆಳಗೆ ಕಾದಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಶಿವಲಿಂಗದ ಸನ್ನಿಧಿ. ಗೆದ್ದರೆ ಲಕ್ಷ್ಮಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿಯುವ ಈ ಕಾಯಕ್ಕೆ ರಣದಲ್ಲಿ ಮರಣದ ಚಿಂತೆ ಏಕೆ ಎಂಬ ಅರ್ಥದ, 'ಜಿತೇನ ಲಭ್ಯತೇ ಲಕ್ಷ್ಮೀ' ಎಂದು ಮೊದಲಾಗುವ ಶ್ಲೋಕವೂ ಹಲವು ಕಲ್ಲುಗಳ ಮೇಲೆ ಸಿಗುತ್ತದೆ. ಪಾತ್ರದ ಸಾವಿಗೆ ಇದಕ್ಕಿಂತ ಸಿದ್ಧವಾದ ವಿಧಿ ಬೇರೆ ಬೇಕಿಲ್ಲವೆಂದು ನನಗೆ ಹೊಳೆದದ್ದು ಮಾತ್ರ ತಡವಾಗಿ.

ಪಾತ್ರ ಸತ್ತ ಮುಂದಿನ ವಾರ ಆಟದ ಮೊದಲ ಕಾಲು ತಾಸನ್ನು ಕಲ್ಲು ನಿಲ್ಲಿಸಲು ಮೀಸಲಿಡಿ. ಕೆಳಗಿನ ಅಂತಸ್ತನ್ನು, ಅಂದರೆ ಸಾವು ಹೇಗಾಯಿತು ಎಂಬುದನ್ನು, ಅದನ್ನು ಹತ್ತಿರದಿಂದ ಕಂಡ ಪಾತ್ರದ ಆಟಗಾರ ಹೇಳಬೇಕು. ಅದೂ ತನ್ನ ಪಾತ್ರದ ಬಾಯಿಂದ, ಆಗ ತಾನು ಎಲ್ಲಿ ನಿಂತಿದ್ದೆ ಎಂಬುದನ್ನು ಮುಚ್ಚಿಡದೆ. ನಡುವಿನ ಅಂತಸ್ತನ್ನು ಸತ್ತ ಪಾತ್ರದ ಆಟಗಾರನೇ ಹೇಳಲಿ: ತನ್ನನ್ನು ಕರೆದೊಯ್ಯಲು ಬಂದವರು ಯಾರು, ದಾರಿಯಲ್ಲಿ ಏನು ಕೇಳಿದರು. ಮೇಲಿನದನ್ನು ಉಳಿದವರು ಕೂಡಿ, ಅವನ ಕುಲದೈವಕ್ಕೆ ತಕ್ಕಂತೆ ಕಟ್ಟಲಿ. ಕೊನೆಗೆ ಕಲ್ಲಿನ ಮೇಲೆ ಕೆತ್ತಲು ಒಂದು ಸಾಲು. ಎಲ್ಲ ಸಾವೂ ವೀರಮರಣವಾಗಿರುವುದಿಲ್ಲ, ಅದನ್ನು ವೀರಮರಣವಾಗಿಸಲು ಹೆಣಗುವುದೂ ಬೇಡ. ಹಾಳುಬಾವಿಗೆ ಬಿದ್ದು ಸತ್ತ ನಮ್ಮ ಕಳ್ಳನೊಬ್ಬನ ಕಲ್ಲಿನ ಮೇಲೆ "ಹಗ್ಗ ತರುವುದು ಯಾರ ಪಾಳಿಯಿತ್ತೆಂದು ಇನ್ನೂ ವಿಚಾರಣೆ ನಡೆದಿದೆ" ಎಂಬ ಸಾಲಿದೆ.

ಆ ಕಲ್ಲನ್ನು ಭೂಪಟದ ಮೇಲೆ ಗುರುತಿಸಬೇಕು. ಪ್ರಯಾಣದಲ್ಲಿ ಮತ್ತೆ ಆ ದಾರಿಗೆ ಬಂದವರು ಅಲ್ಲಿ ಒಂದು ರಾತ್ರಿ ತಂಗಿ, ಸತ್ತವನ ಕುರಿತು ಹಿಂದೆ ಯಾರೂ ಹೇಳದ ಒಂದು ಸಂಗತಿಯನ್ನು ಹೇಳಿದರೆ ಅವರಿಗೆ ಇನ್‌ಸ್ಪಿರೇಷನ್ ಕೊಡುತ್ತೇವೆ. ಅದಿದ್ದವರು ಬೇಕಾದ ಒಂದು ಸಂದರ್ಭದಲ್ಲಿ ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ಮೂರು ವರ್ಷದ ನಮ್ಮ ಭೂಪಟದಲ್ಲಿ ಈಗ ಇಂಥ ನಾಲ್ಕು ಕಲ್ಲುಗಳಿವೆ, ದಾರಿ ಸುತ್ತಾದರೂ ಅವುಗಳ ಮಗ್ಗುಲಿಂದಲೇ ಹೋಗುವ ರೂಢಿ ತಾನಾಗಿ ಬೆಳೆದಿದೆ.

ಮರಳಿ ತರುವುದು

ನಿಯಮಗಳಲ್ಲಿ ಮರುಜೀವಕ್ಕೆ ಮೆಟ್ಟಿಲುಗಳಿವೆ. ಐದನೆಯ ಲೆವೆಲ್ಲಿಗೆ ಬಂದ ಕ್ಲೆರಿಕ್‌ಗೆ, ಅಂದರೆ ದೈವಬಲದಿಂದ ಮಂತ್ರ ಹಾಕುವ ಪಾತ್ರಕ್ಕೆ, ರಿವಿವಿಫೈ ಸಿಗುತ್ತದೆ: ಸತ್ತು ಒಂದು ನಿಮಿಷದೊಳಗೆ, ಅಂದರೆ ಕಾದಾಟದ ಹತ್ತು ಸುತ್ತುಗಳೊಳಗೆ, 300 ಚಿನ್ನದ ನಾಣ್ಯ ಬೆಲೆಯ ವಜ್ರವನ್ನು ವ್ಯಯಿಸಿ ಎಬ್ಬಿಸಬಹುದು. ಒಂಬತ್ತನೆಯ ಲೆವೆಲ್ಲಿಗೆ ಬರುವ ರೇಸ್ ಡೆಡ್ ಮಂತ್ರಕ್ಕೆ 500ರ ವಜ್ರ, ಒಂದು ತಾಸಿನ ವಿಧಿ, ಹತ್ತು ದಿನಗಳ ಗಡುವು. ತಲೆಯೇ ಇಲ್ಲದ ಹೆಣಕ್ಕೆ ಅದು ಫಲಿಸದು. ಪ್ರಕೃತಿಯ ಬಲದಿಂದ ಮಂತ್ರ ಹಾಕುವ ಡ್ರೂಯಿಡ್‌ಗಳ ರೀಇನ್‌ಕಾರ್ನೇಟ್ ಅದೇ ಹಂತದ್ದು, ಅದೇ ಗಡುವಿನದು, ಆದರೆ ವಜ್ರದ ಬದಲು 1000 ನಾಣ್ಯದ ಅಪರೂಪದ ತೈಲ ಲೇಪಗಳು ಬೇಕು, ಆತ್ಮ ಹೊಸದೊಂದು ದೇಹಕ್ಕೆ ಬರುತ್ತದೆ. ಹದಿಮೂರನೆಯ ಲೆವೆಲ್ಲಿನ ರೆಸರೆಕ್ಷನ್ ನೂರು ವರ್ಷದ ಹಿಂದೆ ಸತ್ತವರನ್ನೂ 1000ದ ವಜ್ರಕ್ಕೆ ತರುತ್ತದೆ. ಹದಿನೇಳರ ಟ್ರೂ ರೆಸರೆಕ್ಷನ್‌ಗೆ ಹೆಣವೂ ಬೇಕಿಲ್ಲ, ಇನ್ನೂರು ವರ್ಷದ ತನಕ ನಡೆಯುತ್ತದೆ, ವಜ್ರ ಮಾತ್ರ 25,000 ನಾಣ್ಯದ್ದು. ಮುಪ್ಪಿನಿಂದ ಸತ್ತವರನ್ನು ಇವೆರಡೂ ತರಲಾರವು. ಇವುಗಳ ನಡುವೆ ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ಸಣ್ಣ ಮಂತ್ರವಿದೆ: ಜೆಂಟಲ್ ರಿಪೋಸ್. ಹೆಣದ ಎರಡೂ ಕಣ್ಣುಗಳ ಮೇಲೆ ತಾಮ್ರದ ನಾಣ್ಯವಿಟ್ಟು ಹಾಕಿದರೆ ಹತ್ತು ದಿನ ಹೆಣ ಕೆಡುವುದಿಲ್ಲ, ಆ ದಿನಗಳು ಗಡುವಿನಲ್ಲಿ ಎಣಿಕೆಗೂ ಬರುವುದಿಲ್ಲ.

ಹಾಗಾದರೆ ಡಿಎಂ ಕೈಯಲ್ಲಿರುವ ನಲ್ಲಿ ಯಾವುದೆಂದರೆ ವಜ್ರ. ಪೇಟೆಯಲ್ಲಿ ಬೆಲ್ಲದಂತೆ ವಜ್ರ ಸಿಕ್ಕರೆ ಸಾವು ಬರಿಯ ಖರ್ಚಿನ ಬಾಬತ್ತಾಗುತ್ತದೆ. ಇಡೀ ಸೀಮೆಯಲ್ಲಿ ಎಷ್ಟು ವಜ್ರಗಳಿವೆ, ಯಾರ ಹತ್ತಿರ ಇವೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಮ್ಮ ಲೋಕವನ್ನು ಕಲ್ಯಾಣ ಚಾಲುಕ್ಯರ ಕಾಲದ ಈ ಭಾಗದ ನೆರಳಿನಲ್ಲಿ ಕಟ್ಟಿದ್ದೇವೆ. ಚಿನ್ನದ ನಾಣ್ಯವನ್ನು ಗದ್ಯಾಣವೆನ್ನುತ್ತೇವೆ, ಲಕ್ಕುಂಡಿಯಲ್ಲಿ ಟಂಕಸಾಲೆಯಿದೆ. ಅಲ್ಲಿ ಮೂರೇ ವಜ್ರಗಳಿವೆ, ಒಂದು ದೇವರ ಮೂರ್ತಿಯ ಹಣೆಯ ಮೇಲಿದೆ. ರೀಇನ್‌ಕಾರ್ನೇಟ್‌ಗೆ ಬೇಕಾದ ಬೇರು ನಾರುಗಳು ಔಷಧಿ ಗಿಡಗಳಿಗೆ ಹೆಸರಾದ ಕಪ್ಪತಗುಡ್ಡದಲ್ಲಿ ಮಾತ್ರ ಸಿಗುತ್ತವೆ, ಹತ್ತು ದಿನಗಳೊಳಗೆ ಹೋಗಿ ತರಬೇಕು. ಹೀಗೆ ಮಾಡಿದಾಗ ಬೆಲೆಯ ಪಟ್ಟಿಯೇ ಮುಂದಿನ ಎರಡು ಮೂರು ವಾರಗಳ ಕಥೆಯಾಗುತ್ತದೆ.

ಮರಳಿದ ಮೇಲಿನ ದಂಡದ ವಿಷಯದಲ್ಲಿ ಮಾತ್ರ ನನಗೆ ನಿಯಮಗಳ ಮೇಲೆ ತಕರಾರಿದೆ. 1978ರ ನಿಯಮಗಳಲ್ಲಿ ಮರುಜೀವ ಪಡೆದ ಪ್ರತಿ ಸಲ ಪಾತ್ರದ ಕಾನ್‌ಸ್ಟಿಟ್ಯೂಷನ್, ಅಂದರೆ ದೇಹದ ಗಟ್ಟಿತನದ ಅಂಕೆ, ಒಂದಂಕ ಇಳಿಯುತ್ತಿತ್ತು. 2000ದ ಮೂರನೆಯ ಆವೃತ್ತಿಯಲ್ಲಿ ರೇಸ್ ಡೆಡ್ ಪಡೆದವರು ಒಂದು ಲೆವೆಲ್ ಕಳೆದುಕೊಳ್ಳುತ್ತಿದ್ದರು. ಈಗ ರೇಸ್ ಡೆಡ್‌ನಿಂದ ಎದ್ದವರಿಗೆ ಎಲ್ಲ ಪರೀಕ್ಷೆಗಳಲ್ಲೂ ನಾಲ್ಕಂಕ ಕಡಿತ, ದಿನಕ್ಕೊಂದರಂತೆ ಅದು ತೀರುತ್ತದೆ. ಮೂರೂ ಕಡೆ ಬೆಲೆ ತೆತ್ತವನು ಸತ್ತವನೇ.

ನಮ್ಮ ಮಹಾಭಾರತದ ಕಥೆಗಳಲ್ಲಿ ಹಾಗಿಲ್ಲ. ಮದುವೆಗೆ ಮುಂಚೆ ಹಾವು ಕಚ್ಚಿ ಸತ್ತ ಪ್ರಮದ್ವರೆಗಾಗಿ ರುರು ತನ್ನ ಆಯುಷ್ಯದ ಅರ್ಧವನ್ನು ಕೊಟ್ಟ. ಕಚನನ್ನು ಅಸುರರು ಮೂರು ಸಲ ಕೊಂದರು. ಮೂರನೆಯ ಸಲ ಸುಟ್ಟ ಬೂದಿಯನ್ನು ಮದ್ಯದಲ್ಲಿ ಕಲಸಿ ಶುಕ್ರಾಚಾರ್ಯರಿಗೇ ಕುಡಿಸಿದಾಗ, ಹೊಟ್ಟೆಯಲ್ಲಿದ್ದ ಶಿಷ್ಯನಿಗೆ ಸಂಜೀವಿನಿಯನ್ನು ಹೇಳಿಕೊಟ್ಟು, ತಾನು ಸತ್ತು ಅವನನ್ನು ಹೊರತರುವುದರ ಹೊರತು ಗುರುವಿಗೆ ಬೇರೆ ದಾರಿ ಉಳಿಯಲಿಲ್ಲ. ತಮ್ಮದೇ ಆದ ಗುಟ್ಟು, ಅದೂ ಅಸುರರ ಬಲವೆಲ್ಲ ನಿಂತಿದ್ದ ಗುಟ್ಟು, ಅಂದು ಅವರ ಕೈ ಬಿಟ್ಟಿತು. ಬದುಕಿದವರು ತೆರುವ ಬೆಲೆ ಎಂದರೆ ಇದು.

ಇದನ್ನೇ ಮಾದರಿಯಾಗಿ ಇಟ್ಟುಕೊಂಡು ನಾವು ನಡೆಸುವ ವಿಧಿ ಹೀಗಿದೆ. ಮಂತ್ರವೂ ವಜ್ರವೂ ಇದ್ದೇ ಇರಬೇಕು, ರಿವಿವಿಫೈ ಒಂದನ್ನು ಮಾತ್ರ ಇದರಿಂದ ಹೊರಗಿಟ್ಟಿದ್ದೇವೆ, ಏಕೆಂದರೆ ಕಾದಾಟದ ನಡುವೆ ವಿಧಿ ನಡೆಸಲು ಹೊತ್ತಿರುವುದಿಲ್ಲ. ಮುಟ್ಟಬೇಕಾದ ಅಂಕೆ 15ರಿಂದ ಶುರುವಾಗುತ್ತದೆ. ಆ ಪಾತ್ರ ಹಿಂದೆ ಎಷ್ಟು ಸಲ ಮರಳಿ ಬಂದಿದೆಯೋ ಅಷ್ಟು ಅದಕ್ಕೆ ಕೂಡುತ್ತದೆ. ಬದುಕಿದವರಲ್ಲಿ ಮೂವರು, ಒಬ್ಬೊಬ್ಬರಾಗಿ, ತಮ್ಮ ಪಾತ್ರದ ಹಾಳೆಯಿಂದ ಏನನ್ನಾದರೂ ನಿಜವಾಗಿ ಅಳಿಸಿ ಅರ್ಪಿಸುತ್ತಾರೆ: ಒಂದು ನೆನಪು, ಒಂದು ಹಕ್ಕು, ಒಂದು ಶಕ್ತಿ, ಆಯುಷ್ಯದ ಒಂದು ಪಾಲು. ಅದು ಸಾಕೋ ಸಾಲದೋ ಎಂದು ತೀರ್ಮಾನಿಸುವವನು ಡಿಎಂ ಅಲ್ಲ. ಸತ್ತ ಪಾತ್ರದ ಆಟಗಾರನ ಮುಂದೆ ಮೂರು ಕವಡೆಗಳಿರುತ್ತವೆ. ಅರ್ಪಣೆ ಮನಸ್ಸಿಗೆ ತಾಗಿದರೆ ಮಾತಾಡದೆ ಒಂದು ಕವಡೆಯನ್ನು ಮುಂದೆ ಸರಿಸುತ್ತಾನೆ, ಅಂಕೆ ಮೂರು ಇಳಿಯುತ್ತದೆ. ಕೊನೆಗೆ ಅವನೇ ಇಪ್ಪತ್ತು ಮುಖದ ದಾಳವನ್ನು ಬೇರೇನೂ ಕೂಡಿಸದೆ ಉರುಳಿಸುತ್ತಾನೆ. ಮೊದಲ ಸಲ ಸತ್ತವನಿಗೆ ಮೂರೂ ಕವಡೆ ಸರಿದಿದ್ದರೆ ಮರಳುವ ಸಂಭವ ನೂರಕ್ಕೆ 75, ಎರಡಾದರೆ 60, ಒಂದಾದರೆ 45, ಯಾವುದೂ ಸರಿಯದಿದ್ದರೆ 30. ತಪ್ಪಿದರೆ ವಜ್ರವೂ ಅರ್ಪಣೆಯೂ ಹೋದವು. ಮತ್ತೆ ಯತ್ನಿಸಲು ಮೇಲಿನ ಹಂತದ ಮಂತ್ರವೇ ಬೇಕು.

ಅರ್ಪಣೆ ದೊಡ್ಡದಾಗಿರಬೇಕಿಲ್ಲ, ಹಿಂತಿರುಗಿ ಕಾಡುವಂಥದಾಗಿರಬೇಕು. ನಮ್ಮ ಹಾಡುಗಾರ್ತಿಯೊಬ್ಬಳು ತಾಯಿಯ ಹೆಸರನ್ನು ಹಾಳೆಯಿಂದ ಅಳಿಸಿದಳು, ಎಂಟು ವಾರಗಳ ನಂತರ ಕೋಟೆಯ ಬಾಗಿಲಲ್ಲಿ ಕಾವಲುಗಾರ "ಯಾರ ಮಗಳು?" ಎಂದು ಕೇಳಿದಾಗ ಅವಳಿಗೆ ಹೇಳಲು ಏನೂ ಇರಲಿಲ್ಲ. ಇನ್ನೊಬ್ಬ ಟಂಕಸಾಲೆಯ ಅಧಿಕಾರಿಯಿಂದ ತನಗೆ ಬರಬೇಕಿದ್ದ 400 ಗದ್ಯಾಣದ ಸಾಲವನ್ನು ಮನ್ನಾ ಮಾಡಿದ, ಆ ಸಾಲದ ಹೆದರಿಕೆಯಿಂದಲೇ ನಮ್ಮವರ ಪರವಾಗಿದ್ದ ಅಧಿಕಾರಿ ಮರುದಿನವೇ ಪಕ್ಷ ಬದಲಿಸಿದ. ಮೂರನೆಯವನು ರುರುವಿನ ಹಾಗೆ ತನ್ನ ಪೂರ್ಣ ಹಿಟ್ ಪಾಯಿಂಟಿನ ಅರ್ಧವನ್ನು ಮುಂದಿನ ಅಮಾವಾಸ್ಯೆಯ ತನಕ ಕೊಟ್ಟ. "ನನ್ನ ಪ್ರಾಣವನ್ನೇ ಕೊಡುತ್ತೇನೆ" ಎಂದು ನಾಟಕದ ಭಾಷಣ ಮಾಡಿದವನಿಗೆ ಮಾತ್ರ ಕವಡೆ ಸರಿಯಲಿಲ್ಲ. ಅವನು ಅಳಿಸಿದ್ದು ಏನೂ ಇರಲಿಲ್ಲ.

ಇಷ್ಟು ದೊಡ್ಡ ವಿಧಿ ಬೇಡವೆನ್ನುವವರಿಗೆ 2012ರ ಡಂಜನ್ ವರ್ಲ್ಡ್ ಆಟದ ಕೊನೆಯುಸಿರಿನ ನಿಯಮ ಸರಳವಾಗಿದೆ. ಸಾಯುವವನು ಆರು ಮುಖದ ಎರಡು ದಾಳ ಉರುಳಿಸುತ್ತಾನೆ: ಹತ್ತು ಅಥವಾ ಹೆಚ್ಚಾದರೆ ಬದುಕು, ಆರು ಅಥವಾ ಕಡಿಮೆಯಾದರೆ ಸಾವು, ನಡುವೆ ಬಿದ್ದರೆ ಮೃತ್ಯುವೇ ಎದುರಿಗೆ ಬಂದು ಒಂದು ಕರಾರು ಮುಂದಿಡುತ್ತದೆ. ಕರಾರಿಗೆ ಒಪ್ಪುವುದು ಬಿಡುವುದು ಅವನ ಇಚ್ಛೆ. ಒಂದೇ ಸಂಜೆಯಲ್ಲಿ ಮುಗಿಯುವ ಆಟಗಳಲ್ಲಿ ನಾನು ಇದನ್ನೇ ಬಳಸುತ್ತೇನೆ.

ಮರಳದಿದ್ದಾಗ

ಹೊಸ ಪಾತ್ರ ಉಳಿದವರ ಲೆವೆಲ್ಲಿನಲ್ಲೇ ಬರಬೇಕು. ಮೊದಲ ಲೆವೆಲ್ಲಿನಿಂದ ಶುರು ಮಾಡಿಸುವ ಹಳೆಯ ಪದ್ಧತಿ ಆಟಗಾರನಿಗೆ ವಿಧಿಸುವ ದಂಡವಲ್ಲದೆ ಬೇರೆಯಲ್ಲ. ಮುಂದಿನ ಊರು ಬರುವ ತನಕ ಕಾಯಿಸದೆ, ಮುಂದಿನ ಭಾನುವಾರದ ಮೊದಲ ಅರ್ಧ ತಾಸಿನಲ್ಲೇ ಅದನ್ನು ಕಥೆಗೆ ಸೇರಿಸಬೇಕು: ಸೆರೆಯಲ್ಲಿ ಸಿಕ್ಕವನಾಗಿ, ಅದೇ ವೈರಿಯನ್ನು ಹುಡುಕಿ ಬಂದವಳಾಗಿ, ಅಥವಾ ಸತ್ತವನು ಕೈಸಾಲ ತೀರಿಸಬೇಕಿದ್ದ ಮನುಷ್ಯನಾಗಿ. ಕೊನೆಯದು ಯಾವಾಗಲೂ ಚೆನ್ನಾಗಿ ಕೂಡುತ್ತದೆ, ಏಕೆಂದರೆ ಹೊಸಬನಿಗೂ ಹಳಬರಿಗೂ ನಡುವೆ ಕೂಡಲೇ ಒಂದು ಲೆಕ್ಕ ಏಳುತ್ತದೆ. ಸತ್ತವನ ತಮ್ಮನೆಂದು ಹೇಳಿಕೊಂಡು ಅದೇ ಮುಖ, ಅದೇ ಕೊಡಲಿ, ಅದೇ ಅಂಕೆಗಳೊಂದಿಗೆ ಬರುವವನನ್ನು ಮಾತ್ರ ಒಳಗೆ ಬಿಡಬೇಡಿ.

ಇಡೀ ತಂಡವೇ ಸತ್ತರೆ ಆ ರಾತ್ರಿ ಏನನ್ನೂ ತೀರ್ಮಾನಿಸಬೇಡಿ. ಒಂದು ವಾರ ಬಿಟ್ಟು ಕೂಡಿ, ಅದೇ ಲೋಕದಲ್ಲಿ ಕಲ್ಲು ನಿಲ್ಲಿಸುವ ಊರವರನ್ನೇ ಹೊಸ ಪಾತ್ರಗಳಾಗಿ ಆಡಿಸುವುದು ಒಂದು ದಾರಿ. ಎಲ್ಲರೂ ಯಮನ ಪಟ್ಟಣದಲ್ಲಿ ಕಣ್ಣು ಬಿಡುವುದು ಇನ್ನೊಂದು.

ಉಳಿದದ್ದು ಆಸ್ತಿಯ ವಿಷಯ. ಪಾತ್ರದ ಹಾಳೆಯ ಕೆಳಗೆ ಎರಡು ಸಾಲಿನ ಮೃತ್ಯುಪತ್ರವನ್ನು ಮೊದಲ ದಿನವೇ ಬರೆಸಿಕೊಳ್ಳುವುದು ನಮ್ಮಲ್ಲಿ ಈಗ ಕಡ್ಡಾಯವಾಗಿದೆ: ಆಯುಧ ಯಾರಿಗೆ, ನಾಣ್ಯ ಯಾರಿಗೆ, ಸುದ್ದಿಯನ್ನು ಯಾರಿಗೆ ಮುಟ್ಟಿಸಬೇಕು. ಸುದ್ದಿ ಮುಟ್ಟಿಸುವ ಸಾಲಿನಿಂದಲೇ ಎರಡು ಸಲ ಹೊಸ ಪಯಣ ಹುಟ್ಟಿದೆ. ಹುಬ್ಬಳ್ಳಿಯ ಆ ಗೆಳೆಯ ತನ್ನ ಈಗಿನ ಪಾತ್ರದ ಹಾಳೆಯ ಕೆಳಗೆ ಬರೆದದ್ದು ಒಂದೇ ಸಾಲು: "ಚೀಲಕ್ಕ ಕೈ ಹಚ್ಚೂಕಿಂತ ಮೊದ್ಲ ನನ್ನ ಕೈಯಾಗ ಒಂದು ಪಾತ್ರ ಕೊಡ್ರಿ."